ಗಾಲ್ಫ್ ಮೈದಾನ ವಿನ್ಯಾಸ ಸಾಫ್ಟ್‌ವೇರ್: ಮಲೆನಾಡಿನ ಏರುತಗ್ಗಿನ ನೆಲದಲ್ಲಿ ಶುರು ಮಾಡುವುದು, ಎಡವಟ್ಟಾದರೆ ಸರಿಪಡಿಸುವುದು

ಗಾಲ್ಫ್ ಮೈದಾನದ ವಿನ್ಯಾಸಕ್ಕೆ ಕೈಹಾಕುವ ಹೊಸಬರಲ್ಲಿ ಬಹಳಷ್ಟು ಜನ ಮೊದಲ ದಿನವೇ ಗ್ರೀನು (ಕುಳಿಯ ಸುತ್ತಲಿನ ನುಣುಪು ಹುಲ್ಲು), ಬಂಕರು (ಮರಳಿನ ಗುಂಡಿ), ಕೊಳ ಬಿಡಿಸಲು ಕೂರುತ್ತಾರೆ. ಕೆಲವು ವಾರ ಕಳೆದ ಮೇಲೆ ನೋಡಿದರೆ ಗ್ರೀನು ನೆಲದಿಂದ ಅರ್ಧ ಅಡಿ ಮೇಲೆ ತೇಲುತ್ತಿರುತ್ತದೆ, ಫೇರ್‌ವೇ (ಗ್ರೀನಿನವರೆಗಿನ ಕತ್ತರಿಸಿದ ಹುಲ್ಲಿನ ದಾರಿ) ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಚೆಂಡು ಬಂಕರಿನ ತಳ ತೂರಿ ಮಾಯವಾಗುತ್ತದೆ. ಸಾಫ್ಟ್‌ವೇರ್ ಕೆಟ್ಟಿದೆ ಎಂದು ಅಳಿಸಿ ಮತ್ತೆ ಹಾಕುತ್ತಾರೆ. ತೊಂದರೆ ಇದ್ದಲ್ಲೇ ಇರುತ್ತದೆ. ಇಂಥ ದೋಷಗಳಲ್ಲಿ ಹಲವು ಹುಟ್ಟುವುದು ನೆಲದ ಎತ್ತರದ ಮಾಹಿತಿಯನ್ನು ಸಿದ್ಧಪಡಿಸುವಾಗ. ಅಳತೆಯ ಮಾನ, ನಿರ್ದೇಶಾಂಕ, ಫೈಲಿನ ರೂಪ ಈ ಮೂರರಲ್ಲಿ ಒಂದು ತಪ್ಪಿದರೂ ಅದು ಕೊನೆಯವರೆಗೆ ಬೆನ್ನುಬಿಡುವುದಿಲ್ಲ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಅರ್ಧದಷ್ಟು ಜಾಗವನ್ನು ನೆಲಕ್ಕೇ ಕೊಟ್ಟಿದೆ.

ಇಲ್ಲಿ ಬಳಸುವ ಸಾಧನಗಳು ನಾಲ್ಕು. ನೆಲದ ಕೆಲಸಕ್ಕೆ ಕ್ಯೂಜಿಐಎಸ್, ಆಕಾರ ಬಿಡಿಸಲು ಇಂಕ್‌ಸ್ಕೇಪ್, ಆ ಆಕಾರಗಳನ್ನು ನೆಲಕ್ಕೆ ಕೂರಿಸಲು ಬ್ಲೆಂಡರ್, ಕೊನೆಗೆ ಆಡುವ ಮೈದಾನ ಕಟ್ಟಲು ಯೂನಿಟಿ. ಮೊದಲ ಮೂರು ಪೂರ್ತಿ ಉಚಿತ. ಯೂನಿಟಿಗೆ ವೈಯಕ್ತಿಕ ಬಳಕೆಯ ಉಚಿತ ಪರವಾನಗಿ ಇದೆ. ಜಿಎಸ್‌ಪ್ರೊ ತರಹದ ಸಿಮ್ಯುಲೇಟರುಗಳ (ಪರದೆಯ ಮೇಲೆ ಗಾಲ್ಫ್ ಆಡಿಸುವ ಸಾಫ್ಟ್‌ವೇರ್) ಮೈದಾನಗಳು ತಯಾರಾಗುವುದು ಹೆಚ್ಚುಕಡಿಮೆ ಇದೇ ದಾರಿಯಲ್ಲಿ. ಉದಾಹರಣೆಗೆ ಚಿಕ್ಕಮಗಳೂರಿನ ಸುತ್ತಿನ ನೆಲವನ್ನು ತೆಗೆದುಕೊಂಡಿದೆ. ಹಾಸನದವರಿಗೆ ಬೇರೆಯಾಗುವ ನಿರ್ದೇಶಾಂಕಗಳನ್ನೂ ಕೊಟ್ಟಿದೆ.

ಕಂಪ್ಯೂಟರು ಮತ್ತು ಫೋಲ್ಡರು

16 ಜಿಬಿ ರ‍್ಯಾಮ್ ಇದ್ದರೆ ಕೆಲಸ ನಡೆಯುತ್ತದೆ, 32 ಇದ್ದರೆ ಸಲೀಸು. ಎಸ್‌ಎಸ್‌ಡಿಯಲ್ಲಿ 100 ಜಿಬಿ ಖಾಲಿ ಇರಲಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ಊರಾದ್ದರಿಂದ ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ ಯುಪಿಎಸ್ ಬೇಕೇ ಬೇಕು. ಯೂನಿಟಿ ತಾನಾಗಿ ಸೀನ್ ಸೇವ್ ಮಾಡುವುದಿಲ್ಲ. ಕ್ಯೂಜಿಐಎಸ್‌ನ ತಾತ್ಕಾಲಿಕ ಲೇಯರುಗಳಂತೂ ಕಿಟಕಿ ಮುಚ್ಚಿದ ಕೂಡಲೇ ಹೋಗುತ್ತವೆ, ಆದ್ದರಿಂದ ಪ್ರತಿ ಹಂತದ ಫಲಿತಾಂಶವನ್ನೂ ಫೈಲಾಗಿಯೇ ಉಳಿಸಿ.

ಪ್ರಾಜೆಕ್ಟ್ ಫೋಲ್ಡರನ್ನು ಡ್ರೈವಿನ ಬುಡದಲ್ಲೇ ಮಾಡಿ. ಹೆಸರು ಚಿಕ್ಕದಾಗಿ, ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಖಾಲಿ ಜಾಗವಿಲ್ಲದೆ ಇರಲಿ. ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಟ್ಟರೆ ಕೆಲವು ಆಡ್‌ಆನ್‌ಗಳು ಫೈಲೇ ಸಿಗಲಿಲ್ಲ ಎನ್ನುತ್ತವೆ. ವಿಂಡೋಸ್‌ನಲ್ಲಿ ದಾರಿಯ ಒಟ್ಟು ಉದ್ದ 260 ಅಕ್ಷರ ದಾಟಿದರೂ ಅದೇ ಗತಿ. ಒನ್‌ಡ್ರೈವ್ ನಕಲು ಮಾಡುತ್ತಿರುವ ಡೆಸ್ಕ್‌ಟಾಪ್ ಅಥವಾ ಡಾಕ್ಯುಮೆಂಟ್ಸ್ ಒಳಗೆ ಯೂನಿಟಿ ಪ್ರಾಜೆಕ್ಟ್ ಇಡಬೇಡಿ; ಅದರ ಲೈಬ್ರರಿ ಫೋಲ್ಡರಿನ ಸಾವಿರಾರು ಸಣ್ಣ ಫೈಲುಗಳನ್ನು ಒನ್‌ಡ್ರೈವ್ ಹಿಡಿದಿಟ್ಟುಕೊಂಡು ಬಿಲ್ಡ್ ನಡುವೆಯೇ ನಿಲ್ಲುತ್ತದೆ.

ಚೌಕಟ್ಟು ಮೊದಲು

18 ಹೋಲಿನ (ಒಂದು ಹೋಲು ಎಂದರೆ ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಆಟದ ಪಟ್ಟಿ) ಮೈದಾನಕ್ಕೆ ಸಾಮಾನ್ಯವಾಗಿ 120ರಿಂದ 180 ಎಕರೆ ಬೇಕು. 1024 ಮೀಟರ್ ಉದ್ದ, 1024 ಮೀಟರ್ ಅಗಲದ ಚೌಕ ತೆಗೆದುಕೊಂಡರೆ ಸುಮಾರು 259 ಎಕರೆಯಾಗುತ್ತದೆ. ಒಳಗೆ ಮೈದಾನ ಕೂತು, ಸುತ್ತ ಅಂಚಿಗೂ ಜಾಗ ಉಳಿಯುತ್ತದೆ. 1000 ಬಿಟ್ಟು 1024 ಯಾಕೆಂದರೆ, ಯೂನಿಟಿಯ ಹೈಟ್‌ಮ್ಯಾಪು (ನೆಲದ ಎತ್ತರವನ್ನು ಬಿಂದುಬಿಂದುವಾಗಿ ಹಿಡಿದಿಡುವ ಫೈಲು) 513, 1025, 2049, 4097ರಂಥ ಅಳತೆಗಳಲ್ಲೇ ಇರಬೇಕು. 2049 ಬಿಂದುಗಳ ನಡುವೆ 2048 ಅಂತರಗಳಿರುತ್ತವೆ. ಒಂದೊಂದು ಅಂತರ ಅರ್ಧ ಮೀಟರ್ ಆದರೆ ಒಟ್ಟು ಸರಿಯಾಗಿ 1024 ಮೀಟರ್. ಮುಂದಿನ ಎಲ್ಲ ಲೆಕ್ಕವೂ ಪೂರ್ಣಾಂಕದಲ್ಲಿ ಸಾಗುತ್ತದೆ.

ಕ್ಯೂಜಿಐಎಸ್ ತೆರೆದ ಕೂಡಲೇ ಕೆಳಗೆ ಬಲಮೂಲೆಯಲ್ಲಿ ನಿರ್ದೇಶಾಂಕ ಪದ್ಧತಿ ಕಾಣುತ್ತದೆ. ಅದನ್ನು ಇಪಿಎಸ್‌ಜಿ 32643ಕ್ಕೆ ಬದಲಿಸಿ. ಇದು ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ) 43ನೇ ವಲಯದ ಉತ್ತರ ಭಾಗ. ಚಿಕ್ಕಮಗಳೂರು, ಹಾಸನ ಎರಡೂ ಇದರಲ್ಲೇ ಬರುತ್ತವೆ. ಚೆನ್ನೈ ಕಡೆಯ ಪ್ರಾಜೆಕ್ಟಿನ ಸೆಟ್ಟಿಂಗ್ ನಕಲು ಮಾಡಿಕೊಂಡವರಿಗೆ 44ನೇ ವಲಯ ಬಂದಿರುತ್ತದೆ, ನೋಡಿಕೊಳ್ಳಿ. ಸರಿಯಿದೆಯೇ ಎಂದು ತಿಳಿಯಲು ಮೌಸನ್ನು ಊರಿನ ಮೇಲೆ ತನ್ನಿ. ಚಿಕ್ಕಮಗಳೂರು ಪಟ್ಟಣದಲ್ಲಿ ಪೂರ್ವದ ಅಂಕಿ ಸುಮಾರು 5.83 ಲಕ್ಷ, ಉತ್ತರದ ಅಂಕಿ ಸುಮಾರು 14.73 ಲಕ್ಷ ಇರಬೇಕು. ಹಾಸನದಲ್ಲಿ ಸುಮಾರು 6.19 ಲಕ್ಷ ಮತ್ತು 14.38 ಲಕ್ಷ. 75.77, 13.32 ಎಂಬ ಸಣ್ಣ ಅಂಕಿಗಳು ಕಂಡರೆ ನೀವು ಇನ್ನೂ ಡಿಗ್ರಿಯಲ್ಲೇ ಇದ್ದೀರಿ. ಡಿಗ್ರಿಯಲ್ಲಿದ್ದ ಎತ್ತರದ ಫೈಲಿನಿಂದ ಇಳಿಜಾರು ಲೆಕ್ಕ ಹಾಕಿದರೆ ಅಡ್ಡಳತೆ ಡಿಗ್ರಿಯಲ್ಲಿ, ಎತ್ತರ ಮೀಟರಿನಲ್ಲಿ ಸೇರಿಕೊಂಡು ಇಡೀ ನಕ್ಷೆ ಕಡಿದಾದ ಗೋಡೆಯಂತೆ ಬರುತ್ತದೆ.

ಚೌಕದ ನೈಋತ್ಯ ಮೂಲೆಯ ಎರಡು ಅಂಕಿಗಳನ್ನು ದುಂಡಗೆ ಮಾಡಿಕೊಂಡು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಇಲ್ಲಿ ಉದಾಹರಣೆಗೆ ಪೂರ್ವ 583000, ಉತ್ತರ 1473000 ಎಂದಿಟ್ಟುಕೊಳ್ಳೋಣ. ಹಾಗಾದರೆ ಈಶಾನ್ಯ ಮೂಲೆ 584024, 1474024.

ಎತ್ತರದ ಮಾಹಿತಿ ಎಲ್ಲಿಂದ

ಉಪಗ್ರಹದ ಎತ್ತರದ ನಕ್ಷೆಗಳು ಉಚಿತವಾಗಿ ಸಿಗುತ್ತವೆ. ಕೋಪರ್ನಿಕಸ್‌ನ 30 ಮೀಟರ್ ನಕ್ಷೆ, 2000ನೇ ಇಸವಿಯ ಎಸ್‌ಆರ್‌ಟಿಎಂ, ಇಸ್ರೋದ ಭುವನ್‌ನಲ್ಲಿರುವ ಕಾರ್ಟೊಡೆಮ್ ಹೀಗೆ. ಇವು ದೂರದ ಗುಡ್ಡಸಾಲಿಗೆ, ಅಂದರೆ ಮೈದಾನದಾಚೆ ಹಿನ್ನೆಲೆಯಲ್ಲಿ ಕಾಣುವ ಬಾಬಾಬುಡನ್‌ಗಿರಿ ಶ್ರೇಣಿಗೆ, ಧಾರಾಳ ಸಾಕು. ಮೈದಾನದ ಒಳಗೆ ಮಾತ್ರ ಇವನ್ನು ನಂಬಬೇಡಿ. 30 ಮೀಟರ್ ನಕ್ಷೆಯಲ್ಲಿ ಒಂದು ಚುಕ್ಕೆ ಎಂದರೆ 900 ಚದರ ಮೀಟರ್, ಸುಮಾರು ಒಂಬತ್ತು ಗುಂಟೆ. ಒಂದು ಗ್ರೀನಿನ ವಿಸ್ತೀರ್ಣ ಸಾಮಾನ್ಯವಾಗಿ 400ರಿಂದ 600 ಚದರ ಮೀಟರ್, ಅಂದರೆ ನಾಲ್ಕರಿಂದ ಆರು ಗುಂಟೆ. ಇಡೀ ಗ್ರೀನು ಒಂದು ಚುಕ್ಕೆಯೊಳಗೆ ಅಡಗಿಹೋಗುತ್ತದೆ. ಅದರ ಏರು, ತಗ್ಗು, ವಾಲು ಯಾವುದೂ ಅಲ್ಲಿರುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಈ ಉಪಗ್ರಹ ನಕ್ಷೆಗಳು ಅಳೆಯುವುದು ಮೇಲ್ಮೈಯನ್ನು. ಮರವಿದ್ದಲ್ಲಿ ಮರದ ತಲೆಯ ಕಡೆಗೇ ಎತ್ತರ ಎಳೆಯುತ್ತದೆ. ಕಾಫಿ ತೋಟದ ಮೇಲೆ ಸಿಲ್ವರ್ ಓಕ್ ನೆರಳು ದಟ್ಟವಾಗಿದ್ದರೆ ನೆಲವೇ ಹತ್ತು ಹದಿನೈದು ಮೀಟರ್ ಉಬ್ಬಿದಂತೆ ತೋರುತ್ತದೆ, ತೋಟದ ಬೇಲಿಯ ಹತ್ತಿರ ದಿಢೀರನೆ ಕುಸಿಯುತ್ತದೆ. ನಕ್ಷೆಯಲ್ಲಿ ಬೇಲಿಗುಂಟ ನೇರ ಅಂಚಿನ ದಿಬ್ಬ ಕಂಡರೆ ಅದು ದಿಬ್ಬವಲ್ಲ, ತೋಟ ಎಂದು ತಿಳಿಯಿರಿ.

ಆದ್ದರಿಂದ ಒಳಗಿನ ಚೌಕಕ್ಕೆ ಸ್ವಂತ ಸಮೀಕ್ಷೆ ಬೇಕು. ಲೈಡಾರ್ (ಲೇಸರ್ ಕಿರಣದಿಂದ ಅಳೆಯುವ ಸಾಧನ) ಹಾರಿಸಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ, ಎಲೆಗಳ ಸಂದಿನಿಂದಲೂ ನೆಲ ಮುಟ್ಟುವುದು ಅದೊಂದೇ. ಖರ್ಚಿನ ಕಾರಣಕ್ಕೆ ಹೆಚ್ಚಿನವರು ಕ್ಯಾಮೆರಾ ಡ್ರೋನ್ ಹಾರಿಸಿ, ಫೋಟೋಗಳಿಂದ ವೆಬ್‌ಒಡಿಎಂ ಎಂಬ ಸಾಫ್ಟ್‌ವೇರಿನಲ್ಲಿ ನೆಲ ತೆಗೆಯುತ್ತಾರೆ. ಹಾರಿಸುವ ಮೊದಲು ಸರ್ಕಾರದ ಡ್ರೋನ್ ನಕ್ಷೆಯಾದ ಡಿಜಿಟಲ್ ಸ್ಕೈನಲ್ಲಿ ಜಾಗ ಹಸಿರು ವಲಯದಲ್ಲಿದೆಯೇ ನೋಡಿ. ಕಾಡಿನಂಚಿನ ಜಾಗವಾದರೆ ಅರಣ್ಯ ಇಲಾಖೆಯನ್ನು ಕೇಳದೆ ಹಾರಿಸಲೇಬೇಡಿ.

ಹಾರಾಟ 80ರಿಂದ 100 ಮೀಟರ್ ಎತ್ತರದಲ್ಲಿರಲಿ. ಒಂದು ಫೋಟೋ ಮೇಲೆ ಇನ್ನೊಂದು ಮುಂದಕ್ಕೆ ಶೇ 80, ಪಕ್ಕಕ್ಕೆ ಶೇ 75 ಕೂರಬೇಕು. ಏರುತಗ್ಗಿನ ಜಾಗದಲ್ಲಿ ಇಲ್ಲೇ ಮೊದಲ ಏಟು ಬೀಳುವುದು. ಹಳ್ಳದ ಬದಿಯಿಂದ ಡ್ರೋನ್ ಎಬ್ಬಿಸಿ 80 ಮೀಟರಿಗೆ ಇಟ್ಟಿರಿ, ಎದುರಿನ ಗುಡ್ಡ 40 ಮೀಟರ್ ಎತ್ತರ ಎಂದುಕೊಳ್ಳಿ. ಗುಡ್ಡದ ನೆತ್ತಿಯ ಮೇಲೆ ಡ್ರೋನ್ ಇರುವುದು ಬರೀ 40 ಮೀಟರ್ ಮೇಲೆ. ಪ್ರತಿ ಫೋಟೋ ಹಿಡಿಯುವ ಅಗಲ ಅರ್ಧಕ್ಕಿಳಿಯುತ್ತದೆ, ಶೇ 75ರ ಹೊಂದಿಕೆ ಶೇ 50ಕ್ಕೆ ಬೀಳುತ್ತದೆ. ನೆತ್ತಿಯ ಮೇಲೆಲ್ಲ ತೂತು. ಹಾರಾಟದ ಆ್ಯಪ್‌ನಲ್ಲಿ ನೆಲವನ್ನು ಅನುಸರಿಸುವ ಆಯ್ಕೆ ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ಗುಡ್ಡದ ಮೇಲಿಂದಲೇ ಇನ್ನೊಂದು ಹಾರಾಟ ಮಾಡಿ. ಡಿಸೆಂಬರಿನಿಂದ ಫೆಬ್ರವರಿವರೆಗೆ, ಮಂಜು ಪೂರ್ತಿ ಕರಗಿದ ಮೇಲೆ, ಗಾಳಿ ಏಳುವ ಮೊದಲು ಹಾರಿಸುವುದು ಒಳ್ಳೆಯದು. ಗಾಳಿಗೆ ಮರದ ತಲೆ ಅಲ್ಲಾಡಿದರೆ ಫೋಟೋಗಳು ಒಂದಕ್ಕೊಂದು ಹೊಂದುವುದಿಲ್ಲ.

ಕ್ಯಾಮೆರಾ ಯಾವಾಗಲೂ ನೇರ ಕೆಳಗೇ ನೋಡುತ್ತಿದ್ದರೆ, ನೆಲದ ಗುರುತುಗಳೂ ಇಲ್ಲದಿದ್ದರೆ, ಬಂದ ನೆಲ ಬಾಣಲೆಯಂತೆ ನಡುವೆ ತಗ್ಗುತ್ತದೆ ಅಥವಾ ಮಗುಚಿದಂತೆ ಉಬ್ಬುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಮುಂದೆ ನೀರು ಹರಿಯುವ ದಿಕ್ಕು ತಪ್ಪಿದಾಗ ಬಯಲಾಗುತ್ತದೆ. ಇದಕ್ಕೆ ಮದ್ದು ಎರಡು. ಕನಿಷ್ಠ ಐದು ಗುರುತು ಹಾಕಿ, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಗುಡ್ಡದ ನೆತ್ತಿ, ಹಳ್ಳದ ತಳಕ್ಕೂ ಒಂದೊಂದು ಇದ್ದರೆ ಇನ್ನೂ ಚೆನ್ನ. ಸುಣ್ಣದಲ್ಲಿ ಒಂದು ಮೀಟರಿನ ಕೂಡು ಗುರುತು ಎಳೆದರೂ ಫೋಟೋದಲ್ಲಿ ಸ್ಪಷ್ಟ ಕಾಣುತ್ತದೆ. ಸರ್ವೆಯವರಿಂದ ಡಿಜಿಪಿಎಸ್ ಅಥವಾ ಟೋಟಲ್ ಸ್ಟೇಷನ್‌ನಲ್ಲಿ ಅವುಗಳ ಅಳತೆ ತೆಗೆಸಿ. ಜೊತೆಗೆ ಕ್ಯಾಮೆರಾವನ್ನು ಓರೆಯಾಗಿಟ್ಟು ಇನ್ನೊಂದು ಸುತ್ತು ಹಾರಿಸಿ.

ವೆಬ್‌ಒಡಿಎಂನಲ್ಲಿ ಡಿಟಿಎಂ ಆಯ್ಕೆಯನ್ನು ನೀವೇ ಆನ್ ಮಾಡಬೇಕು, ತಾನಾಗಿ ಇರುವುದಿಲ್ಲ. ಡಿಎಸ್‌ಎಂ ಎಂದರೆ ಮರಮನೆ ಸಮೇತದ ಮೇಲ್ಮೈ, ಡಿಟಿಎಂ ಎಂದರೆ ಅವನ್ನು ತೆಗೆದ ನೆಲ. ತೆಗೆಯುವ ಕೆಲಸ ಮಾಡುವುದು ಎಸ್‌ಎಂಆರ್‌ಎಫ್ ಎಂಬ ಸೋಸುವಿಕೆ. ಅದರ ಸ್ಲೋಪ್ ಅಂಕಿ ಮೊದಲಿಗೆ 0.15 ಇರುತ್ತದೆ, ಸಮತಟ್ಟು ಬಯಲಿಗೆ ಸರಿ. ಮಲೆನಾಡಿನ ಏರಿನಲ್ಲಿ ಅದು ಗುಡ್ಡದ ಮೂಗನ್ನೇ ಕಟ್ಟಡವೆಂದು ಭಾವಿಸಿ ಕತ್ತರಿಸಿಬಿಡುತ್ತದೆ. 0.25 ಅಥವಾ 0.3ಕ್ಕೆ ಏರಿಸಿ ಮತ್ತೆ ಓಡಿಸಿ, ಎರಡನ್ನೂ ಹೋಲಿಸಿ ನೋಡಿ. ವಿಂಡೋ ಅಂಕಿ 18 ಮೀಟರ್ ಇರುತ್ತದೆ. ಜಾಗದಲ್ಲಿ ಅದಕ್ಕಿಂತ ಅಗಲದ ಗೋದಾಮು ಇದ್ದರೆ ಅದನ್ನೂ ಹೆಚ್ಚಿಸಬೇಕು. ಇಷ್ಟು ಮಾಡಿದರೂ ಒತ್ತಾದ ಕಾಫಿ ಗಿಡದ ಕೆಳಗೆ ಕ್ಯಾಮೆರಾಕ್ಕೆ ನೆಲ ಕಂಡೇ ಇರುವುದಿಲ್ಲ, ಅಲ್ಲಿ ಬರುವುದೆಲ್ಲ ಸುತ್ತಲಿನ ಬಿಂದುಗಳಿಂದ ಮಾಡಿದ ಊಹೆ. ಅಂಥ ಕಡೆ ಒಂದು ಗಡಿ ಎಳೆದು ಗುರುತಿಡಿ. ಗ್ರೀನು ಅಲ್ಲೇ ಬರಬೇಕೆಂದಾದರೆ 10 ಮೀಟರಿಗೊಂದು ಬಿಂದುವಿನಂತೆ ಕೈಯಲ್ಲೇ ಅಳತೆ ತೆಗೆಸಿ.

ಎತ್ತರದ ಅಂಕಿ ಕಂಡು ಗಾಬರಿಯಾಗುವುದೂ ಉಂಟು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1090 ಮೀಟರ್ ಎತ್ತರದಲ್ಲಿದೆ, ಆದರೆ ಡ್ರೋನಿನ ನೆಲ 1000 ಮೀಟರಿನ ಹತ್ತಿರ ತೋರಿಸಬಹುದು. ಜಿಪಿಎಸ್ ಅಳೆಯುವುದು ಭೂಮಿಯ ಗಣಿತದ ದೀರ್ಘವೃತ್ತಾಕಾರದಿಂದ; ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟದ ಲೆಕ್ಕಕ್ಕೂ ಅದಕ್ಕೂ 80 ಮೀಟರಿಗಿಂತ ಹೆಚ್ಚು ವ್ಯತ್ಯಾಸವಿದೆ. ಒಳಗಿನ ನೆಲಕ್ಕೆ ಇದರಿಂದ ತೊಂದರೆಯಿಲ್ಲ. ಹಿನ್ನೆಲೆಯ ಗುಡ್ಡಗಳಿಗೆ ಉಪಗ್ರಹ ನಕ್ಷೆ ಜೋಡಿಸುವಾಗ ಮಾತ್ರ ಎರಡರ ನಡುವೆ 80 ಮೀಟರಿನ ಪ್ರಪಾತ ಬರುತ್ತದೆ. ಮರವಿಲ್ಲದ ಒಂದು ಬಯಲಿನಲ್ಲಿ ಎರಡೂ ನಕ್ಷೆಯ ಎತ್ತರ ಓದಿ, ಆ ವ್ಯತ್ಯಾಸವನ್ನು ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ ಒಂದಕ್ಕೆ ಕೂಡಿಸಿದರೆ ಮುಗಿಯಿತು.

ಹೈಟ್‌ಮ್ಯಾಪ್ ತೆಗೆಯುವುದು

ಈ ಐದು ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ.

1. ಕ್ಯೂಜಿಐಎಸ್‌ನ ರಾಸ್ಟರ್ ಮೆನುವಿನ ಅನಾಲಿಸಿಸ್ ಒಳಗಿನ ಫಿಲ್ ನೋಡೇಟಾ ಓಡಿಸಿ, ಎತ್ತರದ ಅಂಕಿಯೇ ಇಲ್ಲದ ತೂತುಗಳನ್ನು (ನೋಡೇಟಾ) ಮುಚ್ಚಿ. ಅದು ಮೊದಲಿಗೆ 10 ಪಿಕ್ಸೆಲ್ ದೂರದವರೆಗೆ ಮಾತ್ರ ಹುಡುಕುತ್ತದೆ. ಕೆರೆಯಂಥ ದೊಡ್ಡ ತೂತಿಗೆ 200ಕ್ಕೆ ಏರಿಸಿ.

2. ಪ್ರೊಜೆಕ್ಷನ್ಸ್ ಒಳಗಿನ ವಾರ್ಪ್ ತೆರೆಯಿರಿ. ಗುರಿಯ ಪದ್ಧತಿ 32643, ರೆಸಲ್ಯೂಷನ್ 0.5. ಸಣ್ಣ ಪಿಕ್ಸೆಲಿನಿಂದ ದೊಡ್ಡದಕ್ಕೆ ಹೋಗುತ್ತಿರುವುದರಿಂದ ರಿಸ್ಯಾಂಪ್ಲಿಂಗ್‌ಗೆ ಆವರೇಜ್ ಆರಿಸಿ. ವ್ಯಾಪ್ತಿಯಲ್ಲಿ ಪೂರ್ವಕ್ಕೆ 582999.75ರಿಂದ 584024.25, ಉತ್ತರಕ್ಕೆ 1472999.75ರಿಂದ 1474024.25 ಎಂದು ಹಾಕಿ. ಆ ಕಾಲು ಮೀಟರ್ ಎಲ್ಲ ಬದಿಗೂ ಹೆಚ್ಚು ಬೇಕು. ಪಿಕ್ಸೆಲಿನ ಎತ್ತರ ಇರುವುದು ಅದರ ನಡುವಿನಲ್ಲಿ. ಅಂಚಿನ ಪಿಕ್ಸೆಲಿನ ನಡು ಸರಿಯಾಗಿ 583000ಕ್ಕೆ ಬೀಳಬೇಕಾದರೆ ಅದರ ಅಂಚು ಅರ್ಧ ಪಿಕ್ಸೆಲ್ ಆಚೆ ಇರಬೇಕು. ಫಲಿತಾಂಶ 2049ಕ್ಕೆ 2049 ಬಂದಿದೆಯೇ ಲೇಯರಿನ ಪ್ರಾಪರ್ಟೀಸ್‌ನಲ್ಲಿ ಖಚಿತಪಡಿಸಿಕೊಳ್ಳಿ.

3. ಪ್ರೊಸೆಸಿಂಗ್ ಟೂಲ್‌ಬಾಕ್ಸಿನ ರಾಸ್ಟರ್ ಲೇಯರ್ ಸ್ಟ್ಯಾಟಿಸ್ಟಿಕ್ಸ್‌ನಿಂದ ಕನಿಷ್ಠ, ಗರಿಷ್ಠ ಎತ್ತರ ಓದಿ. ಲೇಯರಿನ ಬಣ್ಣದ ಪಟ್ಟಿಯಲ್ಲಿ ಕಾಣುವ ಅಂಕಿ ಅಂದಾಜಿನದು, ಅದನ್ನು ಬಳಸಿದರೆ ಗುಡ್ಡದ ತಲೆ ಸಪಾಟಾಗಿ ಕೊಯ್ದುಹೋಗುತ್ತದೆ. 1043.2 ಮತ್ತು 1117.6 ಬಂತು ಎನ್ನಿ. 1040, 1120 ಎಂದು ದುಂಡಗೆ ಮಾಡಿ ಟೆಕ್ಸ್ಟ್ ಫೈಲಿಗೆ ಸೇರಿಸಿ. ಕನಿಷ್ಠ ಅಂಕಿ ಋಣ 9999 ಎಂದು ಬಂದರೆ ತೂತು ಉಳಿದಿದೆ, ಮೊದಲ ಹಂತಕ್ಕೆ ಮರಳಿ.

4. ಕನ್ವರ್ಷನ್ ಒಳಗಿನ ಟ್ರಾನ್ಸ್‌ಲೇಟ್‌ನಲ್ಲಿ ಡೇಟಾದ ಬಗೆ ಯುಇಂಟ್16, ಹೆಚ್ಚುವರಿ ಪ್ಯಾರಾಮೀಟರಿನ ಜಾಗದಲ್ಲಿ ಸ್ಕೇಲ್ ಆಯ್ಕೆಗೆ 1040 1120 0 65535 ಎಂಬ ನಾಲ್ಕು ಅಂಕಿ, ಫೈಲಿನ ರೂಪ ಎನ್ವಿ.

5. ಬಂದ ಫೈಲಿನ ಕೊನೆಯ ಹೆಸರನ್ನು ರಾ ಎಂದು ಬದಲಿಸಿ, ಅದರ ಗಾತ್ರ ನೋಡಿ. ಸರಿಯಾಗಿ 83,96,802 ಬೈಟ್ ಇರಬೇಕು: 2049 ಗುಣಿಸು 2049, ಪ್ರತಿ ಬಿಂದುವಿಗೆ ಎರಡು ಬೈಟ್.

ಐದನೇ ಹಂತಕ್ಕೆ ಅರ್ಧ ನಿಮಿಷವೂ ಬೇಡ, ಉಳಿಸುವುದು ದಿನಗಟ್ಟಲೆ. ಗಾತ್ರ ಇದರ ಅರ್ಧವಿದ್ದರೆ 8 ಬಿಟ್ ಫೈಲ್ ಬಂದಿದೆ. 8 ಬಿಟ್ಟಿನಲ್ಲಿ ಎತ್ತರಕ್ಕೆ ಇರುವುದು 256 ಮೆಟ್ಟಿಲು ಮಾತ್ರ. 80 ಮೀಟರನ್ನು ಹಂಚಿದರೆ ಒಂದೊಂದು ಮೆಟ್ಟಿಲು 31 ಸೆಂಟಿಮೀಟರ್, ಫೇರ್‌ವೇ ಗದ್ದೆಯ ಬದುಗಳಂತೆ ಕಾಣುವುದು ಇದರಿಂದಲೇ. 16 ಬಿಟ್ಟಿನಲ್ಲಿ ಅದೇ 80 ಮೀಟರಿಗೆ ಮೆಟ್ಟಿಲು 1.2 ಮಿಲಿಮೀಟರ್. ಗಾತ್ರ ದುಪ್ಪಟ್ಟಿದ್ದರೆ 32 ಬಿಟ್ ಉಳಿದಿದೆ, ಯೂನಿಟಿ ಅದನ್ನು ಮುಳ್ಳುಮುಳ್ಳಾಗಿ ಓದುತ್ತದೆ. ಗಾತ್ರ ಬೇರೇನಾದರೂ ಇದ್ದರೆ ಅಳತೆ 2049 ಆಗಿಲ್ಲ, ಯೂನಿಟಿಯಲ್ಲಿ ನೆಲ ಓರೆಯಾಗಿ ಸೀಳಿದಂತೆ ಬರುತ್ತದೆ.

ಇದರ ಜೊತೆಗೇ ಡ್ರೋನಿನ ಚಿತ್ರವನ್ನೂ 583000ರಿಂದ 584024, 1473000ರಿಂದ 1474024ಕ್ಕೆ ಕತ್ತರಿಸಿ, 4096ಕ್ಕೆ 4096 ಪಿಕ್ಸೆಲಿನ ಜೆಪೆಗ್ ಆಗಿ ಉಳಿಸಿ. ಚಿತ್ರಕ್ಕೆ ಕಾಲು ಮೀಟರಿನ ಹೆಚ್ಚುವರಿ ಬೇಡ.

ಹೋಲುಗಳ ದಾರಿ

ಬಿಡಿಸುವ ಮೊದಲು ಮೂರು ನಕ್ಷೆ ತೆಗೆದಿಟ್ಟುಕೊಳ್ಳಿ. ಒಂದು ಮೀಟರ್ ಅಂತರದ ಸಮೋನ್ನತ ರೇಖೆ, ಪ್ರತಿಶತದಲ್ಲಿ ಇಳಿಜಾರು, ಮತ್ತು ಕ್ಯೂಜಿಐಎಸ್‌ನ ಗ್ರಾಸ್ ಎಂಬ ಸಾಧನಗಳಲ್ಲಿರುವ ಆರ್ ವಾಟರ್‌ಶೆಡ್‌ನಿಂದ ನೀರು ಹರಿಯುವ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಾಡಿನಲ್ಲಿ ಮೂರನೆಯದನ್ನು ಬಿಟ್ಟವರ ವಿನ್ಯಾಸ ಪರದೆಯ ಮೇಲೆ ಎಷ್ಟು ಚೆಂದವಿದ್ದರೂ ನಿಜದ ನೆಲದಲ್ಲಿ ನಿಲ್ಲುವುದಿಲ್ಲ. ನೀರಿನ ದಾರಿಯ ಮೇಲೆ ಗ್ರೀನಾಗಲಿ ಬಂಕರಾಗಲಿ ಇಡಬೇಡಿ. ಅಲ್ಲಿ ಹಳ್ಳವನ್ನೇ ಹಾಗೇ ಬಿಟ್ಟು ಅದರಾಚೆಗೆ ಹೊಡೆಯುವಂತೆ ಮಾಡಿದರೆ ಆಟಕ್ಕೂ ಕಳೆ.

ಮೊದಲು ಗ್ರೀನಿನ ಜಾಗ, ಆಮೇಲೆ ಟೀ (ಮೊದಲ ಹೊಡೆತದ ಜಾಗ), ಕೊನೆಗೆ ನಡುವಿನ ಫೇರ್‌ವೇ. ಬಾವುಟ ನೆಡುವ ಜಾಗದ ವಾಲು ಶೇ 1ರಿಂದ 3 ಇರಲಿ. ಶೇ 4 ದಾಟಿದರೆ ವೇಗದ ಗ್ರೀನಿನಲ್ಲಿ ಚೆಂಡು ನಿಲ್ಲುವುದೇ ಇಲ್ಲ. ಟೀಗೆ ಶೇ 1 ಸಾಕು. ಫೇರ್‌ವೇಗೆ ನೀರು ಇಳಿಯಲು ಕನಿಷ್ಠ ಶೇ 2 ಬೇಕು. ಪಾರ್ 3ಕ್ಕೆ (ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲು) 130ರಿಂದ 200 ಗಜ, ಪಾರ್ 4ಕ್ಕೆ 330ರಿಂದ 440, ಪಾರ್ 5ಕ್ಕೆ 480ರಿಂದ 560 ಎಂದಿಟ್ಟುಕೊಂಡು ಶುರುಮಾಡಿ. ಕ್ಯೂಜಿಐಎಸ್ ಮೀಟರಿನಲ್ಲಿ ಅಳೆಯುತ್ತದೆ, ಸ್ಕೋರ್‌ಕಾರ್ಡ್ ಗಜದಲ್ಲಿರುತ್ತದೆ. ಒಂದು ಗಜ 0.9144 ಮೀಟರ್. ಇದನ್ನು ಮರೆತರೆ 400 ಗಜದ ಹೋಲು 437 ಗಜವಾಗಿ ಕೂರುತ್ತದೆ. ಅಕ್ಕಪಕ್ಕದ ಫೇರ್‌ವೇಗಳ ನಡುರೇಖೆಗಳ ಮಧ್ಯೆ ಕನಿಷ್ಠ 60 ಮೀಟರ್ ಬಿಡಿ. ಮೊದಲ ಹೋಲು ಬೆಳಗಿನ ಸೂರ್ಯನಿಗೆ, ಕೊನೆಯದು ಸಂಜೆಯ ಸೂರ್ಯನಿಗೆ ಎದುರಾಗದಿರಲಿ.

1090 ಮೀಟರ್ ಎತ್ತರದಲ್ಲಿ ಗಾಳಿ ತೆಳು, ಸಮುದ್ರಮಟ್ಟಕ್ಕಿಂತ ಚೆಂಡು ಸುಮಾರು ಶೇ 4 ಹೆಚ್ಚು ದೂರ ಹೋಗುತ್ತದೆ. ಸಿಮ್ಯುಲೇಟರಿನಲ್ಲಿ ಮೈದಾನದ ಎತ್ತರ ಕೇಳಿದರೆ ಅಲ್ಲಿ ಸಮುದ್ರಮಟ್ಟದ ಲೆಕ್ಕದ ಅಂಕಿ ಕೊಡಿ, ಡ್ರೋನಿನದಲ್ಲ.

ಇಂಕ್‌ಸ್ಕೇಪಿನಲ್ಲಿ ಬಿಡಿಸುವುದು

ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಪುಟವನ್ನು 1024ಕ್ಕೆ 1024 ಪಿಕ್ಸೆಲ್, ಸ್ಕೇಲ್ 1 ಮಾಡಿ. ಒಂದು ಪಿಕ್ಸೆಲ್ ಎಂದರೆ ಒಂದು ಮೀಟರ್. ಡ್ರೋನ್ ಚಿತ್ರವನ್ನು ತರುವಾಗ ಲಿಂಕ್ ಆರಿಸಿ. ಎಂಬೆಡ್ ಆರಿಸಿದರೆ ಫೈಲ್ ಉಬ್ಬಿ ಪ್ರತಿ ಸೇವ್‌ಗೂ ಕಾಯಬೇಕಾಗುತ್ತದೆ. ಚಿತ್ರದ ಸ್ಥಾನ 0, 0, ಅಳತೆ 1024ಕ್ಕೆ 1024 ಕೊಟ್ಟು ಲೇಯರಿಗೆ ಬೀಗ ಹಾಕಿ. ಪುಟದ ಅಂಚಿಗೆ ಸರಿಯಾಗಿ 1024ರ ಒಂದು ಚೌಕ ಬಿಡಿಸಿ ಚಿತ್ರಗಳ ಜೊತೆಗೇ ಬಿಡಿ, ಬ್ಲೆಂಡರಿನಲ್ಲಿ ಅಳತೆಗೆ ಅದೇ ಆಧಾರ.

ಬೆಜಿಯರ್ ಪೆನ್ನಿನಲ್ಲೇ ಬಿಡಿಸಿ, ಪೆನ್ಸಿಲ್ ಮುಟ್ಟಬೇಡಿ. ಪೆನ್ಸಿಲಿನ ಗೆರೆಯಲ್ಲಿ ನೂರಾರು ನೋಡ್ (ಗೆರೆಯ ಹಿಡಿಬಿಂದು) ಬಂದು ಗ್ರೀನಿನ ಅಂಚು ಗರಗಸದ ಹಲ್ಲಾಗುತ್ತದೆ. ತಿರುವಿನಲ್ಲಿ 5ರಿಂದ 8 ಮೀಟರಿಗೊಂದು ನೋಡ್, ನೇರದಲ್ಲಿ ಇನ್ನೂ ಕಡಿಮೆ. ಪ್ರತಿ ಆಕಾರವೂ ಮುಚ್ಚಿರಬೇಕು, ತನ್ನನ್ನೇ ಅಡ್ಡ ಹಾಯಬಾರದು. ಯಾವುದು ಗ್ರೀನು, ಯಾವುದು ಬಂಕರು ಎಂದು ಈ ಆಕಾರಗಳನ್ನು ಮುಂದಕ್ಕೆ ಒಯ್ಯುವ ಪರಿವರ್ತಕ ಸಾಧನ ಗುರುತಿಸುವುದು ತುಂಬಿದ ಬಣ್ಣದ ಸಂಕೇತದಿಂದ ಎಂದಾದರೆ, ಕಣ್ಣಳತೆಯ ಹಸಿರು ನಡೆಯುವುದಿಲ್ಲ, ಆರು ಅಕ್ಷರದ ಸಂಕೇತವನ್ನೇ ಟೈಪ್ ಮಾಡಿ. ಗ್ರೀನಿನ ಸುತ್ತ ಒಂದು ಮೀಟರಿನ ಫ್ರಿಂಜ್‌ಗೆ ಲಿಂಕ್ಡ್ ಆಫ್‌ಸೆಟ್ ಬಳಸಿ.

ಫೇರ್‌ವೇ ಒಳಗಿನ ಬಂಕರನ್ನು ಫೇರ್‌ವೇಯಿಂದ ಡಿಫರೆನ್ಸ್ ಹಾಕಿ ಕಳೆಯಲೇಬೇಕು. ಬಂಕರಿನ ಒಂದು ನಕಲು ಇಟ್ಟುಕೊಂಡು ಕಳೆಯಿರಿ, ಕಳೆದ ಮೇಲೆ ಮೇಲಿನ ಆಕಾರ ಹೋಗಿಬಿಡುತ್ತದೆ. ಕಳೆಯದಿದ್ದರೆ ಒಂದೇ ಎತ್ತರದಲ್ಲಿ ಎರಡು ಮೇಲ್ಮೈ ಸೇರಿ, ಕ್ಯಾಮೆರಾ ಅಲ್ಲಾಡಿದಾಗೆಲ್ಲ ಮರಳೂ ಹುಲ್ಲೂ ಮಿನುಗುತ್ತವೆ.

ಇಡೀ ಲೇಯರನ್ನೋ ಗುಂಪನ್ನೋ ಎಳೆದು ಸರಿಸಿದ್ದರೆ ಅದರ ಮೇಲೆ ಅಡಗಿದ ಟ್ರಾನ್ಸ್‌ಫಾರ್ಮ್ (ಸ್ಥಾನ ಬದಲಿಸುವ ಲೆಕ್ಕ) ಕೂತಿರುತ್ತದೆ. ಇಂಕ್‌ಸ್ಕೇಪಿನಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಮುಂದೆ ಹೋದ ಮೇಲೆ ಒಂಬತ್ತನೇ ಹೋಲು ಮಾತ್ರ 12 ಮೀಟರ್ ಪಕ್ಕಕ್ಕೆ ಬಿದ್ದಿರುತ್ತದೆ. ಗುಂಪು ಬಿಡಿಸಿ, ಆಕಾರಗಳನ್ನು ಹೊಸ ಲೇಯರಿಗೆ ಸಾಗಿಸಿದರೆ ಸರಿಹೋಗುತ್ತದೆ.

ಬ್ಲೆಂಡರ್

ಇಂಕ್‌ಸ್ಕೇಪಿನ ಎಸ್‌ವಿಜಿ ಫೈಲನ್ನು ತಂದಾಗ ಇಡೀ ಮೈದಾನ ಕಾಲು ಮೀಟರಿಗಿಂತ ಸ್ವಲ್ಪ ದೊಡ್ಡ ಚುಕ್ಕೆಯಾಗಿ ಬರುತ್ತದೆ, ಏನೂ ಬರಲಿಲ್ಲ ಎಂದು ತಿಳಿಯಬೇಡಿ. ಚೌಕದ ಅಗಲ ಓದಿ, 1024ನ್ನು ಅದರಿಂದ ಭಾಗಿಸಿ, ಬಂದ ಅಂಕಿಯಿಂದ ಎಲ್ಲವನ್ನೂ ಒಟ್ಟಿಗೆ ದೊಡ್ಡದು ಮಾಡಿ, ಕಂಟ್ರೋಲ್ ಎ ಒತ್ತಿ ಸ್ಕೇಲ್ ಅನ್ವಯಿಸಿ. ಇದನ್ನು ಅನ್ವಯಿಸದೆ ಮುಂದೆ ಹೋದರೆ ಯೂನಿಟಿಯಲ್ಲಿ ಅಳತೆ ಮತ್ತೆ ಕೆಡುತ್ತದೆ.

ಕರ್ವನ್ನು ಮೆಶ್ (ತ್ರಿಕೋನಗಳ ಜಾಲ) ಮಾಡಿದಾಗ ಉದ್ದುದ್ದ ತೆಳು ತ್ರಿಕೋನಗಳು ಬರುತ್ತವೆ. ಅವನ್ನೇ ನೆಲಕ್ಕೆ ಇಳಿಸಿದರೆ ತುದಿಗಳು ಮಾತ್ರ ನೆಲ ಮುಟ್ಟಿ ನಡು ಗಾಳಿಯಲ್ಲಿ ನಿಲ್ಲುತ್ತದೆ ಅಥವಾ ದಿಬ್ಬದೊಳಗೆ ಹೂತುಹೋಗುತ್ತದೆ. ತೇಲುವ ಗ್ರೀನಿನ ಮೂಲ ಇದು. ಫೇರ್‌ವೇಗೆ ಒಂದು ಮೀಟರ್, ಗ್ರೀನಿಗೆ ಅರ್ಧ ಮೀಟರಿನ ಜಾಲವಾಗಿ ಮೊದಲು ಒಡೆಯಿರಿ. ಆಮೇಲೆ ಮೆಶ್ಶನ್ನು ನೆಲಕ್ಕೆ ಕೂರಿಸುವ ಶ್ರಿಂಕ್‌ವ್ರ್ಯಾಪ್‌ನಲ್ಲಿ ಪ್ರಾಜೆಕ್ಟ್ ಆರಿಸಿ, ಝಡ್ ಅಕ್ಷ, ಮೇಲೆ ಕೆಳಗೆ ಎರಡೂ ದಿಕ್ಕು ಆನ್ ಮಾಡಿ, ಒಂದೆರಡು ಸೆಂಟಿಮೀಟರ್ ಮೇಲೆತ್ತಿ. ಫೇಸ್ ಓರಿಯೆಂಟೇಷನ್ ತೆರೆದು ನೋಡಿ: ಕೆಂಪು ಕಂಡರೆ ಮಗುಚಿದೆ ಎಂದರ್ಥ. ಕೆಂಪಾಗಿದ್ದದ್ದು ಯೂನಿಟಿಯಲ್ಲಿ ಮೇಲಿಂದ ಕಾಣುವುದೇ ಇಲ್ಲ. ಎಡಿಟ್ ಮೋಡಿನಲ್ಲಿ ಆಲ್ಟ್ ಎನ್ ಒತ್ತಿ, ಫ್ಲಿಪ್ ಆರಿಸಿ ತಿರುಗಿಸಿ.

ಯೂನಿಟಿಯಲ್ಲಿ ಕಾಡುವ ತೊಂದರೆಗಳು

ಸಿಮ್ಯುಲೇಟರಿನವರು ಹೇಳಿದ ಯೂನಿಟಿ ಆವೃತ್ತಿಯನ್ನೇ ಹಾಕಿ, ಹೊಸದು ಬಂದಿದೆ ಎಂದು ಮೇಲೇರಿಸಬೇಡಿ. ಬೇರೆ ಆವೃತ್ತಿಯಲ್ಲಿ ಕಟ್ಟಿದ ಬಂಡಲ್ (ಮೈದಾನದ ಸಿದ್ಧ ಫೈಲು) ಆಟದೊಳಗೆ ತೆರೆಯದೇ ಹೋಗಬಹುದು. ಟೆರೇನಿನ (ಯೂನಿಟಿಯೊಳಗಿನ ನೆಲ) ಅಗಲ 1024, ಉದ್ದ 1024, ಎತ್ತರ 80. ಇಂಪೋರ್ಟ್ ರಾ ಕಿಟಕಿಯಲ್ಲಿ 16 ಬಿಟ್, 2049, ಬೈಟ್ ಕ್ರಮ ವಿಂಡೋಸ್, ಫ್ಲಿಪ್ ವರ್ಟಿಕಲಿ ಆನ್. ನಮ್ಮ ಫೈಲು ಉತ್ತರದಿಂದ ಶುರುವಾಗುತ್ತದೆ, ಯೂನಿಟಿ ದಕ್ಷಿಣದಿಂದ ಓದುತ್ತದೆ, ಅದಕ್ಕೇ ಫ್ಲಿಪ್. ಆಗ್ನೇಯದಲ್ಲಿರಬೇಕಾದ ಕೆರೆ ಈಶಾನ್ಯದಲ್ಲಿ ಕಂಡರೆ ಫ್ಲಿಪ್ ಮರೆತಿದ್ದೀರಿ.

ನೆಲವೆಲ್ಲ ದಟ್ಟ ಮುಳ್ಳಿನಂತಿದ್ದರೆ ಬೈಟ್ ಕ್ರಮ ತಪ್ಪಿದೆ. ಒಂದೇ ಸೂಜಿಯಂಥ ಕಂಬ ಎದ್ದಿದ್ದರೆ ಅಥವಾ ಒಂದು ಕಡೆ ಮಾತ್ರ ತಳವಿಲ್ಲದ ಗುಂಡಿಯಿದ್ದರೆ ನೋಡೇಟಾ ಉಳಿದಿದೆ. ಇಡೀ ನೆಲ ಚಪ್ಪಟೆಯಾಗಿದ್ದರೆ ಸ್ಕೇಲ್ ಅಂಕಿ ಕೊಡದೆ ಟ್ರಾನ್ಸ್‌ಲೇಟ್ ಮಾಡಿದ್ದೀರಿ. 65,535ರಲ್ಲಿ 1040 ಎಲ್ಲಿ, 1120 ಎಲ್ಲಿ, ನಡುವೆ ಏರಿಳಿತವೇ ಇರುವುದಿಲ್ಲ.

ಎಲ್ಲವೂ ಗುಲಾಬಿ ಬಣ್ಣಕ್ಕೆ ತಿರುಗಿದರೆ ಶೇಡರ್ (ಮೇಲ್ಮೈಗೆ ಬಣ್ಣ ಕೊಡುವ ಸೂತ್ರ) ಸಿಕ್ಕಿಲ್ಲ ಅಥವಾ ರೆಂಡರ್ ಪೈಪ್‌ಲೈನ್ ಹೊಂದಿಲ್ಲ, ಹೊರಗಿನಿಂದ ತಂದ ಮರಗಿಡಗಳಲ್ಲಿ ಇದು ಮಾಮೂಲು. ಚೆಂಡು ನೆಲ ತೂರಿದರೆ ಆ ಮೆಶ್‌ಗೆ ಕೊಲೈಡರ್ (ಚೆಂಡನ್ನು ತಡೆಯುವ ಅದೃಶ್ಯ ಮೇಲ್ಮೈ) ಇಲ್ಲ. ಮರಳಿನಲ್ಲಿ ಬಿದ್ದ ಚೆಂಡು ಫೇರ್‌ವೇಯಲ್ಲಿ ಬಿದ್ದಂತೆ ಉರುಳಿದರೆ ಕೊಲೈಡರ್ ಇದೆ, ಆದರೆ ಮೇಲ್ಮೈಯ ಹೆಸರು ತಪ್ಪಿದೆ. ಇಂಕ್‌ಸ್ಕೇಪಿನ ಬಣ್ಣದ ಸಂಕೇತವನ್ನೇ ಮೊದಲು ನೋಡಿ. ಗ್ರೀನಿನ ಅಂಚಿನಲ್ಲಿ ಉರುಳುವ ಚೆಂಡು ಚಂಗನೆ ಹಾರಿದರೆ ಫ್ರಿಂಜಿಗೂ ಗ್ರೀನಿಗೂ ಎತ್ತರದ ಹೊಂದಿಕೆ ಇಲ್ಲ, ಬ್ಲೆಂಡರಿನಲ್ಲಿ ಎರಡಕ್ಕೂ ಒಂದೇ ಮೇಲೆತ್ತುವ ಅಂಕಿ ಕೊಡಿ.

ಕನ್ಸೋಲಿನಲ್ಲಿ ಕೆಂಪು ಸಾಲುಗಳು ಸುರಿದರೆ ಎಲ್ಲಕ್ಕಿಂತ ಮೊದಲು ಬಂದದ್ದನ್ನು ಓದಿ, ಉಳಿದವು ಸಾಮಾನ್ಯವಾಗಿ ಅದರ ಬಾಲ. ಕಾರಣವಿಲ್ಲದೆ ಕೆಟ್ಟಂತಿದ್ದರೆ ಯೂನಿಟಿ ಮುಚ್ಚಿ ಲೈಬ್ರರಿ ಫೋಲ್ಡರನ್ನು ಅಳಿಸಿ ಮತ್ತೆ ತೆರೆಯಿರಿ, ಅದು ತಾನೇ ಮರುಹುಟ್ಟುತ್ತದೆ. ಅಸೆಟ್ಸ್ ಫೋಲ್ಡರನ್ನು ಮಾತ್ರ ಮುಟ್ಟಬೇಡಿ, ನಿಮ್ಮ ಕೆಲಸವೆಲ್ಲ ಇರುವುದು ಅದರಲ್ಲೇ.

ಮರ ನೆಡುವುದು ಕೊನೆಯಲ್ಲಿರಲಿ. ಸಿಲ್ವರ್ ಓಕಿನ ಸಾಲನ್ನು ಒಂದೊಂದು ಮರ ಎಳೆದಿಟ್ಟು ಮಾಡಿದರೆ ಆಟ ಎಳೆಯುತ್ತದೆ. ಟೆರೇನಿನ ಮರ ನೆಡುವ ಸಾಧನದಿಂದಲೇ ನೆಡಿ, ದೂರದ ಮರಗಳು ಚಪ್ಪಟೆ ಚಿತ್ರವಾಗುವ ಅಂತರವನ್ನು ಕಡಿಮೆ ಮಾಡುತ್ತಾ ಬನ್ನಿ. ಆಟದ ದಾರಿಯಿಂದ 40 ಮೀಟರ್ ಒಳಗಿರುವ ಮರಗಳಿಗೆ ಮಾತ್ರ ಕೊಲೈಡರ್ ಸಾಕು. ವೇಗ ಇನ್ನೂ ಬಿದ್ದರೆ ಮೊದಲು ಹುಲ್ಲಿನ ದಟ್ಟಣೆ ಇಳಿಸಿ, ಮರಗಳ ಎಣಿಕೆಗೆ ಆಮೇಲೆ ಕೈಹಾಕಿ.